ಕಾಯುವ ಕೋಣೆಯ ಕಡಲು

ವಿರಾಜಪೇಟೆಯಲ್ಲಿ ಕಡಲು ಇರುವುದು
ನಮ್ಮ ದಂತಾಲಯದಲ್ಲಿ ಮಾತ್ರ.
ನಾಲ್ಕಡಿ ಉದ್ದ, ಒಂದೂವರೆ ಅಡಿ ಆಳ;
ಚಪ್ಪಲಿ ಬಿಡುವ ಮೂಲೆಯಲ್ಲಿ ಶುರುವಾಗಿ
ಹೋದ ವರ್ಷದ ಕ್ಯಾಲೆಂಡರಿನ ಕೆಳಗೆ ಮುಗಿಯುತ್ತದೆ.

ನೀರು ಮಾಕುಟ್ಟ ಘಾಟಿ ಹತ್ತಿ ಬಂದದ್ದು.
ಮತ್ತಿ ತರುವ ವ್ಯಾನಿನಲ್ಲಿ ಮೊಯ್ದುಟ್ಟಿ
ಕಣ್ಣೂರಿನಿಂದ ಎಂಟು ಕ್ಯಾನು ತುಂಬಿಸಿ ಹೊರಟ,
ಯಾವುದೋ ತಿರುವಿನಲ್ಲಿ ಒಂದನ್ನು ಚೆಲ್ಲಿ
ಕಾಡಿಗೂ ಇಷ್ಟು ಉಪ್ಪು ಉಣಿಸಿ ಬಂದ.

ಮೊದಲ ತಿಂಗಳು ಗಾಜಿನ ತುಂಬ ಕಂದು ಧೂಳು.
“ಹೊಸ ತೊಟ್ಟಿಗೆ ಇದು ಹಾಲುಹಲ್ಲಿದ್ದಂತೆ,
ತಾನೇ ಉದುರುತ್ತೆ” ಅಂದರು ಡಾಕ್ಟರ್ ಬೊಳ್ಳವ್ವ.
ಉದುರಿತು.
ಆಮೇಲೆ ಬಂದದ್ದು ಬೇರೆ.

ಕಲ್ಲಿನ ಮೇಲೆ ಹಸಿರು ಕೂದಲು,
ಬಾಚಣಿಗೆ ಕಾಣದ ತಲೆಯ ಹಾಗೆ ಸಿಕ್ಕುಸಿಕ್ಕು.
ಪಂಪಿನ ಬಾಯಲ್ಲಿ ಅದೇ, ಹವಳದ ಕುತ್ತಿಗೆಗೂ ಅದೇ.
ಬಂದವರು ದವಡೆ ಒತ್ತಿಹಿಡಿದುಕೊಂಡೇ ಮೆಚ್ಚಿದರು:
“ಎಷ್ಟು ಚೆಂದ, ಸಸಿಮಡಿ ಹಾಕಿದ ಹಾಗಿದೆ!”

ಹಗಲೆಲ್ಲ ಡಾಕ್ಟರು ಬಾಯಿಗಳಲ್ಲಿ ಕೆರೆಯುವುದು,
ಸಂಜೆ ನಾನು ಗಾಜಿನಲ್ಲಿ ಕೆರೆಯುವುದು,
ಔಷಧಿ ಕಂಪನಿಯವನು ಬಿಟ್ಟುಹೋದ
ಪುಕ್ಕಟೆ ಬ್ರಷ್ಷುಗಳಲ್ಲಿ.
ಸೋಮವಾರ ಕಿತ್ತದ್ದು ಗುರುವಾರಕ್ಕೆ ಬೆರಳುದ್ದ.

ಬಸವನಹುಳು ತರಿಸಿದೆವು, ಆರು.
ಎರಡು ಮೇಯ್ದವು. ಮೂರು ಮಲಗಿದವು.
ಇನ್ನೊಂದು ರಾತ್ರೋರಾತ್ರಿ ಗಾಜು ಹತ್ತಿ ಇಳಿದು
ಎಕ್ಸ್‌ರೇ ಕೋಣೆಯ ಹೊಸ್ತಿಲಲ್ಲಿ ಸಿಕ್ಕಿತು,
ಸರದಿ ತಪ್ಪಿಸಿ ನುಗ್ಗಿದ ರೋಗಿಯಂತೆ.

ದೀಪ ಹತ್ತು ಗಂಟೆಯಿಂದ ಆರಕ್ಕೆ ಇಳಿಯಿತು.
ತಿನ್ನುವುದೂ ಇಳಿಯಿತು. ಬೊಳ್ಳವ್ವ
ರೋಗಿಗಳಿಗೆ ಹೇಳುವುದನ್ನೇ ಮೀನಿಗೂ ಹೇಳಿದರು:
ಮಲಗುವ ಮುಂಚೆ ಏನೂ ಬೇಡ.

ಪಾಚಿ ಮಾತ್ರ ಯಾರ ಮಾತೂ ಕೇಳಲಿಲ್ಲ.

ಕೊನೆಗೆ ಹನಿ ಹಾಕಿ ಬಣ್ಣ ನೋಡುವ ಸೀಸೆ ತಂದರು.
ತೊಟ್ಟಿಯ ನೀರು ತಿಳಿನೀಲಿಗೆ ತಿರುಗಿತು.
“ಫಾಸ್ಫೇಟು” ಅಂದರು. “ಎಲ್ಲಿಂದ?”
ಮೂಲೆಯಲ್ಲಿತ್ತು ನನ್ನ ಐದು ಲೀಟರಿನ ಕ್ಯಾನು.
ಆವಿಯಾಗುವುದು ನೀರು, ಉಪ್ಪಲ್ಲ,
ಇಂಗಿದಷ್ಟು ಸಿಹಿನೀರು ಸುರಿಯುವುದು ನನ್ನ ಕೆಲಸ.
ನಳದ ನೀರು ಬ್ಲೀಚಿಂಗ್ ನಾರುತ್ತದೆಂದು
ದಿನಾ ಬೆಳಗಿನ ಬಸ್ಸಿನಲ್ಲಿ, ತೊಡೆಯ ಮೇಲಿಟ್ಟುಕೊಂಡು,
ನಮ್ಮ ಲೈನಿನ ಬಾವಿಯಿಂದ ತರುತ್ತಿದ್ದೆ.
ಕೇಳಿದವರಿಗೆಲ್ಲ ಹೇಳುತ್ತಿದ್ದೆ,
ನಮ್ಮ ಬಾವಿಯದು ಕಲ್ಲುಸಕ್ಕರೆಯಂಥ ನೀರು ಎಂದು.

ಅದಕ್ಕೂ ಹನಿ ಹಾಕಿದರು.
ಕಡುನೀಲಿ. ಶಾಲೆಯ ಲಂಗದ ನೀಲಿ.

ಬಾವಿ ಇರುವುದು ಕಾಫಿ ತೋಟದ ತಗ್ಗಿನಲ್ಲಿ.
ಮಳೆಗೆ ಮುಂಚೆ ಗಿಡಗಳ ಬುಡಕ್ಕೆ ಗೊಬ್ಬರ ಎರಚಿದ್ದು
ನನ್ನ ಅಣ್ಣ ಮುತ್ತ, ಮೂಗಿಗೆ ಟವೆಲು ಸುತ್ತಿ.
ಅವನು ಎರಚಿದ್ದನ್ನು ಮಳೆ ಇಳಿಸಿತು,
ಮಳೆ ಇಳಿಸಿದ್ದನ್ನು ನಾನು ಸೇದಿದೆ,
ಸೇದಿದ್ದನ್ನು ಟಿಕೆಟು ಕೊಟ್ಟು ತಂದು ಪಾಚಿಗೆ ಬಡಿಸಿದೆ.

ಬೊಳ್ಳವ್ವ ಗದರಲಿಲ್ಲ.
ಸೀಸೆಯನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡೇ
“ಇದನ್ನೇ ಕುಡಿಯುತ್ತೀರಾ?” ಅಂದರು.
ನಾನು ಬ್ರಷ್ಷು ತೊಳೆಯುತ್ತಿದ್ದೆ.
ತೊಳೆಯುತ್ತಲೇ ಇದ್ದೆ.

ಶನಿವಾರ ಫಿಲ್ಟರು ಬಂತು, ತೊಟ್ಟಿಗೆ.
ದೀಪ ಆರಿಸಿ ಕಂಬಳಿ ಹೊದಿಸಿ ಮೂರು ದಿನ ಬಿಟ್ಟೆವು;
ಪಂಪು ಮಾತ್ರ ಕತ್ತಲಲ್ಲಿ ಗೊಣಗುತ್ತಿತ್ತು.
ಕಾಯುವವರು ಗೋಡೆಯನ್ನೇ ನೋಡಿದರು,
ಒಬ್ಬ ಅಜ್ಜ “ಒಳಗೆ ಯಾರು ಹೆತ್ತಿದ್ದಾರೆ?” ಎಂದು ಕೇಳಿದ.

ನಾಲ್ಕನೆಯ ಬೆಳಿಗ್ಗೆ ಕಂಬಳಿ ಎತ್ತಿದಾಗ
ಹಸಿರೆಲ್ಲ ನರೆತು, ಮುಟ್ಟಿದರೆ ಬಿಡುವಂತಿತ್ತು.
ಪೈಪಿನಲ್ಲಿ ಎಳೆದೆ, ಬಕೆಟ್ಟಿಗೆ ಬಿತ್ತು, ನಾರಿತು.
ಪಂಪಿನ ಹಿಂದೆ ಒಂದು ಗುಬುರು ಇನ್ನೂ ಇದೆ,
ಕೈ ತಲುಪುವುದಿಲ್ಲ.

ಈಗ ಸಂಜೆಗೆ ಫಿಲ್ಟರಿನ ಕೆಳಗೆ
ಎರಡು ಕ್ಯಾನು ಇಡುತ್ತೇನೆ.
ಒಂದು ಕಡಲಿಗೆ.
ಇನ್ನೊಂದನ್ನು ಎತ್ತಿಕೊಂಡು ಬಸ್ಸಿಗೆ ಹೊರಡುವಾಗ
ಬೊಳ್ಳವ್ವ ಯಾರದೋ ಬಾಯೊಳಗೆ ಬಗ್ಗಿ
ಬಹಳ ಹೊತ್ತು ಹುಡುಕುತ್ತಿರುತ್ತಾರೆ.